ಹಂಡೆ ಒಲೆಯ ಬೂದಿ, ಚೀನಾದ ಎಂಜಿನ್

ರವೀಂದ್ರನಗರದ ಮುರುಗೇಶಪ್ಪನವರ ಮನೆಗೆ ಬಂದ ಯಾವ ಹೊಸ ಸಾಮಾನೂ ತೊಳೆಯದೆ ಒಳಗೆ ಹೋಗುವ ಪದ್ಧತಿ ಇರಲಿಲ್ಲ. ಗಾಂಧಿ ಬಜಾರಿನಿಂದ ತಂದ ಸ್ಟೀಲ್ ಡಬ್ಬಿ ಇರಲಿ, ಯಾರದೋ ಮದುವೆಯಲ್ಲಿ ಕೊಟ್ಟ ಹಿತ್ತಾಳೆ ತಟ್ಟೆ ಇರಲಿ, ಮೊದಲು ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ಇಳಿಯಬೇಕು. ಕಿರಿಯ ಸೊಸೆ ಜಯಶೀಲಾಳ ಕೈಯಲ್ಲಿ ಉಜ್ಜಿಸಿಕೊಳ್ಳಬೇಕು. ಆಮೇಲೆ ದೇವರ ಕೋಣೆಯ ಮುಂದೆ ವಿಭೂತಿ ಹಚ್ಚಿಸಿಕೊಂಡು ತನ್ನ ಜಾಗ ಸೇರಬೇಕು. ಇದು ತೀರಿಹೋದ ಅತ್ತೆ ಹಾಲಮ್ಮನವರ ನಿಯಮ ಎಂದು ಮನೆಯ ಗಂಡಸರು ಹೇಳುತ್ತಿದ್ದರು. ಹಾಲಮ್ಮನವರು ಬದುಕಿದ್ದಾಗ ತಮ್ಮ ಅತ್ತೆಯ ಹೆಸರು ಹೇಳುತ್ತಿದ್ದರು. ನಿಯಮ ಯಾರದಾದರೂ ಆಗಲಿ, ತೊಳೆಯುವ ಕೈ ಮಾತ್ರ ಜಯಶೀಲಾಳದು.

ಅವಳು ಭದ್ರಾವತಿಯ ಹುಡುಗಿ. ಅಪ್ಪ ಅಮ್ಮ ಬೇಗ ಹೋಗಿದ್ದರಿಂದ ದೊಡ್ಡಪ್ಪ ಏಕಾಂತಪ್ಪನ ಮನೆಯಲ್ಲಿ ಬೆಳೆದವಳು. ಮುರುಗೇಶಪ್ಪನವರ ಎರಡನೇ ಮಗ ರುದ್ರೇಶನನ್ನು ಮದುವೆಯಾಗಿ ಶಿವಮೊಗ್ಗಕ್ಕೆ ಬಂದಾಗ ಮನೆಯಲ್ಲಿ ಕೆಲಸಕ್ಕೆ ಮೂರು ಜನ ಹೆಂಗಸರಿದ್ದರು. ಅತ್ತೆ ಹೋದರು. ಓರಗಿತ್ತಿ ತನುಜಾಗೆ ಖಾಸಗಿ ಶಾಲೆಯೊಂದರಲ್ಲಿ ಟೀಚರ್ ಕೆಲಸ ಸಿಕ್ಕಿತು. ತನುಜಾ ಕೆಟ್ಟವಳಲ್ಲ. ಸಂಜೆ ಬಂದವಳೇ ಸೆರಗು ಸಿಕ್ಕಿಸಿ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಆದರೆ ಬೆಳಗಿನಿಂದ ಸಂಜೆಯವರೆಗಿನ ಮನೆ ಪೂರಾ ಜಯಶೀಲಾಳ ತಲೆಯ ಮೇಲೆ ಬಂತು. ಎಂಟು ಜನರ ಅಡುಗೆ, ಅಂಗಡಿಗೆ ಹೋಗುವ ಊಟದ ಕ್ಯಾರಿಯರ್, ಬಂದ ನೆಂಟರ ಹಾಸಿಗೆ, ಮಾವನವರ ಪೂಜೆಯ ಸಾಮಾನು. ಸ್ನಾನದ ನೀರು ಕಾಯಿಸುವ ಹಂಡೆ ಒಲೆಗೆ ಹೊಳಲೂರಿನ ನೆಂಟರ ಕಣದಿಂದ ಅಡಿಕೆ ಸಿಪ್ಪೆಯ ಚೀಲಗಳು ಬರುತ್ತಿದ್ದವು. ಆ ಒಲೆಯ ಬೂದಿಯನ್ನು ಅವಳು ಹಳೆಯ ಪಂಚೆಯಲ್ಲಿ ಸೋಸಿ ಡಬ್ಬದಲ್ಲಿ ತುಂಬಿಡುತ್ತಿದ್ದಳು. ಪಾತ್ರೆ ತೊಳೆಯಲು ತನುಜಾ ಸೋಪು ತಂದಿಟ್ಟರೂ ಜಯಶೀಲಾಳ ನಂಬಿಕೆ ಬೂದಿಯ ಮೇಲೆಯೇ. ಇಡ್ಲಿ ಪಾತ್ರೆಯ ಒಳಗಿನ ಕಪ್ಪು ಕಲೆ ಸೋಪಿಗೆ ಜಗ್ಗುತ್ತಿರಲಿಲ್ಲ, ಬೂದಿಗೆ ಜಗ್ಗುತ್ತಿತ್ತು.

ಗಾಂಧಿ ಬಜಾರಿನ ಹಿಂದಿನ ಓಣಿಯಲ್ಲಿ ಮನೆಯವರ ಅಂಗಡಿ. ಮೊದಲು ಸೈಕಲ್ಲಿನದು, ಆಮೇಲೆ ಮೋಟಾರ್‌ಸೈಕಲ್ಲಿನ ಬಿಡಿಭಾಗಗಳದು. ೨೦೦೭ರ ದೀಪಾವಳಿ ಮುಗಿದ ಮೇಲೆ ಆ ಅಂಗಡಿಗೆ ಟೈ ಕಟ್ಟಿದ ಒಬ್ಬ ಕಂಪನಿಯವನು ಬಂದ. ಎಲ್ಲೋ ಉತ್ತರದ ಕಡೆ ಶೆಡ್ ಹಾಕಿಕೊಂಡಿದ್ದ ಹೊಸ ಕಂಪನಿ. ಚೀನಾದಿಂದ ಎಂಜಿನ್ ತರಿಸಿ, ಉಳಿದದ್ದನ್ನು ಇಲ್ಲೇ ಜೋಡಿಸಿ ಬೈಕ್ ಮಾಡುತ್ತಿತ್ತು. ಭದ್ರಾವತಿಗೆ ಏಜೆಂಟರು ಬೇಕಾಗಿದ್ದರು. ಪರೀಕ್ಷೆಗೆಂದು ಒಂದು ಕೆಂಪು ಬೈಕನ್ನು ಬಿಟ್ಟುಹೋದ.

ಆಗ ಬಜಾರಿನಲ್ಲಿ ಚೀನಾ ಟಾರ್ಚ್, ಚೀನಾ ಮೊಬೈಲ್, ಚೀನಾ ಆಟದ ಸಾಮಾನು ಧಾರಾಳವಾಗಿದ್ದವು. ಕೊಳ್ಳುವವರು ಕೊಳ್ಳುತ್ತಲೇ ಬೈಯುತ್ತಿದ್ದರು. ಆದರೆ ಎಂಜಿನ್ ಟಾರ್ಚ್ ಅಲ್ಲವಲ್ಲ. ಮುರುಗೇಶಪ್ಪನವರು ರಾತ್ರಿ ಊಟಕ್ಕೆ ಕೂತಾಗ ಹೇಳಿದರು, "ಬಿಚ್ಚಿ ನೋಡದೆ ನಾನು ಯಾವ ಮಾಲನ್ನೂ ಅಂಗಡಿಲಿ ಇಟ್ಟೋನಲ್ಲ. ಇದನ್ನೂ ಬಿಚ್ಚಿ ನೋಡಾಣ. ಅಸಲಿ ಅನ್ನಿಸಿದ್ರೆ ಏಜೆನ್ಸಿ ತಗೊಳ್ಳಾಣ. ರುದ್ರೇಶ ಭದ್ರಾವತೀಲಿ ನಿಲ್ಲಲಿ. ಅಲ್ಲೇ ಮನೆ ಮಾಡ್ಲಿ."

ಹುಳಿ ಬಡಿಸುತ್ತಿದ್ದ ಜಯಶೀಲಾಳ ಸೌಟು ಅಲ್ಲೇ ನಿಂತಿತು. ದೊಡ್ಡಪ್ಪನ ಮನೆಯ ಬೀದಿಯಲ್ಲಿ ಖಾಲಿ ಇದ್ದ ಒಂದು ಚಿಕ್ಕ ಮನೆ ಅವಳಿಗೆ ಗೊತ್ತಿತ್ತು. ಕಳೆದ ಸಲ ಹೋದಾಗ ಸುಮ್ಮನೆ ಒಳಗೆ ಹೋಗಿ ನೋಡಿ ಬಂದಿದ್ದಳು. ಅದರ ಅಡುಗೆಮನೆಯಲ್ಲಿ ನಿಂತು ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತಿದ್ದವು. ನಲ್ಲಿ ಒಳಗೇ ಇತ್ತು. ರುದ್ರೇಶ, ತಾನು, ಮಗಳು ಶೀತಲ್, ಮೂವರ ಅಡುಗೆ. ಬೇರೆ ಮನೆ ಬೇಕು ಎಂದು ಅವಳು ಒಂದು ದಿನವೂ ಬಾಯಿ ಬಿಟ್ಟು ಕೇಳಿರಲಿಲ್ಲ. ಕೇಳಿದರೆ ಮನೆ ಒಡೆದವಳು ಎಂಬ ಹೆಸರು ಬರುತ್ತದೆ. ಈಗ ಕೇಳುವ ಕೆಲಸವನ್ನು ಆ ಎಂಜಿನ್ ಮಾಡುವ ಹಾಗಿತ್ತು. ಅದು ಒಳ್ಳೆಯದಾಗಿದ್ದರೆ ಸಾಕು.

ಆ ಭಾನುವಾರ ಬೈಕನ್ನು ಹಿತ್ತಲಿಗೆ ತಳ್ಳಿ ತಂದರು. ಅಂಗಡಿಯಲ್ಲಿ ಜಾಗವಿಲ್ಲ, ಬಜಾರಿನವರಿಗೆ ಗೊತ್ತಾಗುವುದೂ ಬೇಡ ಎಂಬುದು ಮಾವನವರ ಲೆಕ್ಕ. ಅಂಗಡಿಗೆ ಹೊಂದಿಕೊಂಡ ಗ್ಯಾರೇಜಿನ ಮೆಕ್ಯಾನಿಕ್ ಜಂಬಣ್ಣ ಬಂದು ಎಂಜಿನ್ ಇಳಿಸಿ, ಒಗೆಯುವ ಕಲ್ಲಿನ ಮೇಲಿಟ್ಟು ಬಿಚ್ಚತೊಡಗಿದ. ಒಗೆಯಲು ನೆನೆಹಾಕಿದ್ದ ಬಟ್ಟೆಯ ಬಕೆಟ್ಟನ್ನು ಜಯಶೀಲಾ ಎತ್ತಿ ಬಚ್ಚಲಿಗೆ ಸಾಗಿಸಿದಳು.

ಮುರುಗೇಶಪ್ಪನವರು ಸಿಲಿಂಡರ್ ಬ್ಲಾಕನ್ನು ಅಂಗೈಯಲ್ಲಿ ತೂಗಿ ನೋಡಿದರು. "ಹಗುರ ಆಯ್ತಲ್ಲೋ ಜಂಬಣ್ಣ. ತೂಕ ಇಲ್ದಿದ್ದು ಬಾಳಿಕೆ ಬರುತ್ತಾ?"

"ಹಗುರ ಇದ್ರೇನೆ ಯಜಮಾನ್ರೆ ಗಾಡಿ ಮೈಲೇಜ್ ಕೊಡೋದು."

"ಮೈಲೇಜ್ ಬಿಡು," ಎಂದ ಹಿರಿಯ ಮಗ ಮಲ್ಲಿಕ್. ಅವನಿಗೆ ಈ ವ್ಯವಹಾರವೇ ಇಷ್ಟವಿರಲಿಲ್ಲ. "ಆ ಬೋಲ್ಟ್ ನೋಡು. ಒಂದ್ಸಲ ಸ್ಪ್ಯಾನರ್ ಹಾಕಿದ್ದಕ್ಕೆ ಮೂಲೆ ಸವೆದುಹೋಯ್ತು. ಚೀನಾದೋರು ಬೋಲ್ಟನ್ನೂ ಬೆಣ್ಣೇಲಿ ಮಾಡ್ತಾರೆ."

"ಬೋಲ್ಟಲ್ಲಣ್ಣ, ಸವೆದಿರೋದು ನನ್ನ ಸ್ಪ್ಯಾನರ್. ಹೊಸದು ಕೊಡ್ಸಿ ಅಂತ ಯುಗಾದಿಯಿಂದ ಕೇಳ್ತಿದೀನಿ."

ಅಷ್ಟರಲ್ಲಿ ಭದ್ರಾವತಿಯಿಂದ ಏಕಾಂತಪ್ಪ ಬಸ್ಸಿಳಿದು ಬಂದರು. ಒಂದು ಎರಕದ ಕಾರ್ಖಾನೆಯಲ್ಲಿ ಮಾಲು ತಪಾಸಣೆ ಮಾಡಿ ನಿವೃತ್ತರಾದವರು. ಕರೆಸಿದ್ದೇ ಅದಕ್ಕೆ. ಕೈಚೀಲದಿಂದ ಒಂದು ಪುಟ್ಟ ಸುತ್ತಿಗೆ ತೆಗೆದು, ಬ್ಲಾಕನ್ನು ದಾರದಲ್ಲಿ ನೇತುಹಾಕಿಸಿ, ಮೆಲ್ಲಗೆ ಬಡಿದರು. ಎಲ್ಲರೂ ಸುಮ್ಮನಾಗಿ ಕಿವಿಗೊಟ್ಟರು.

"ಏನು ಬೀಗ್ರೇ, ಹೇಗಿದೆ?"

"ಎರಕ ಒಳ್ಳೇದಿದ್ರೆ ಗಂಟೆ ಹಂಗೆ ನುಡೀಬೇಕು."

"ನುಡೀತಲ್ಲ?"

"ನುಡೀತು. ಆದ್ರೆ ಶಬ್ದಕ್ಕೆ ಬಾಲ ಇಲ್ಲ. ತಕ್ಷಣ ನಿಂತುಹೋಯ್ತು." ಕನ್ನಡಕ ಏರಿಸಿ ಕ್ಲಚ್ ಕವರಿನ ಮೂಲೆ ನೋಡಿದರು. "ಇಲ್ಲೊಂದು ಸೂಜಿ ಮೊನೆಯಷ್ಟು ತೂತು. ಎರಕ ಹೊಯ್ಯುವಾಗ ಗಾಳಿ ಸಿಕ್ಕೊಂಡಿದೆ."

"ಹಾಗಾದ್ರೆ ಕೆಟ್ಟದ್ದು," ಎಂದ ಮಲ್ಲಿಕ್.

"ಹಂಗೇನಿಲ್ಲ. ನಮ್ಮ ಕಾರ್ಖಾನೇಲೂ ಸಿಕ್ಕೊಳ್ತಿತ್ತು."

"ಹಾಗಾದ್ರೆ ಒಳ್ಳೇದು," ಎಂದ ರುದ್ರೇಶ.

"ಹಂಗೂ ಹೇಳಕ್ಕಾಗಲ್ಲ."

ಕಾಫಿ ಲೋಟಗಳ ತಟ್ಟೆ ಹಿಡಿದು ನಿಂತಿದ್ದ ಜಯಶೀಲಾಗೆ ತಲೆ ಗಿರ್ರೆಂದಿತು. ಹಗುರ ಇದ್ದರೆ ಕೆಟ್ಟದ್ದು ಎಂದು ಒಬ್ಬರು, ಒಳ್ಳೆಯದು ಎಂದು ಇನ್ನೊಬ್ಬರು. ತೂತಿದ್ದರೆ ಕೆಟ್ಟದ್ದು, ಆದರೆ ನಮ್ಮಲ್ಲೂ ಇರುತ್ತದೆ. ಕುಕ್ಕರ್ ಆದರೆ ಸೀಟಿ ಹೊಡೆಯುತ್ತದೆ ಅಥವಾ ಹೊಡೆಯುವುದಿಲ್ಲ. ಮಧ್ಯದಲ್ಲಿ ನಿಲ್ಲುವುದಿಲ್ಲ. "ದೊಡ್ಡಪ್ಪ, ಒಟ್ಟಿನಲ್ಲಿ ಇದು ಒಳ್ಳೇದಾ?" ಎಂದು ಕೇಳಿಯೇಬಿಟ್ಟಳು.

"ನಾಳೆ ಬೆಳಿಗ್ಗೆ ಇನ್ನೊಂದ್ಸಲ ನೋಡ್ತೀನಿ ಮಗಾ. ಈ ಎಣ್ಣೆ ಜಿಡ್ಡಲ್ಲಿ ಏನೂ ಕಾಣ್ತಿಲ್ಲ," ಎಂದು ಅವರು ಕಾಫಿ ತೆಗೆದುಕೊಂಡರು.

ಜಂಬಣ್ಣನಿಗೆ ಹೊಳಲೂರಿನಲ್ಲಿ ಅಕ್ಕನ ಮಗಳ ನಿಶ್ಚಿತಾರ್ಥವಿತ್ತು. ನಾಳೆ ಬಂದು ತೊಳೆದು ಜೋಡಿಸುತ್ತೇನೆ ಎಂದು ಹೇಳಿ ಹೊರಟುಹೋದ. ಊಟವಾಯಿತು. ಗಂಡಸರು ಮಲಗಲು ಎದ್ದರು. ರುದ್ರೇಶ ಕೈ ಒರೆಸಿಕೊಳ್ಳುತ್ತ ಹೆಂಡತಿಗೆ ಹೇಳಿದ, "ಜಯಾ, ಅವನ್ನೆಲ್ಲ ಸ್ವಲ್ಪ ತೊಳೆದಿಟ್ಟುಬಿಡು. ಸೀಮೆಎಣ್ಣೆ ಬಚ್ಚಲಲ್ಲಿದೆ."

ಆ ಮನೆಯಲ್ಲಿ ಹೆಂಗಸರಿಗೆ ಹೇಳುವ ಕೆಲಸವೆಲ್ಲ ಸ್ವಲ್ಪವೇ. ಸ್ವಲ್ಪ ಅಕ್ಕಿ ನೆನೆಹಾಕು ಎಂದರೆ ನಾಳೆ ಹತ್ತು ಜನ ತಿಂಡಿಗೆ ಬರುತ್ತಾರೆ ಎಂದರ್ಥ. ಸ್ವಲ್ಪ ಗುಡಿಸು ಎಂದರೆ ಅಟ್ಟ ಇಳಿಸಬೇಕು. ಜಯಶೀಲಾ ಎಂಜಲು ಬಳಿದು, ಊಟದ ಪಾತ್ರೆ ತೊಳೆದು, ಆಮೇಲೆ ಟಬ್ಬಿನಲ್ಲಿ ಸೀಮೆಎಣ್ಣೆ ಸುರಿದು ಕುಕ್ಕರುಗಾಲಲ್ಲಿ ಕೂತಳು.

ಜಿಡ್ಡು ಹೋಯಿತು. ಆದರೆ ಲೋಹ ಮಂಕಾಗಿತ್ತು. ಅಲ್ಲಲ್ಲಿ ಕಂದು ಬಣ್ಣದ ಗೆರೆ. ಇಂಥ ಬಣ್ಣದ ಪಾತ್ರೆಯನ್ನು ಅವಳು ಯಾವತ್ತೂ ಒಳಗೆ ಇಟ್ಟವಳಲ್ಲ. ನಾಳೆ ದೊಡ್ಡಪ್ಪ ಇದನ್ನೇ ನೋಡುವುದು, ಇದನ್ನು ನೋಡಿಯೇ ಹೌದು ಅಥವಾ ಇಲ್ಲ ಎನ್ನುವುದು. ಅವಳು ಎದ್ದು ಬೂದಿಯ ಡಬ್ಬ ತಂದಳು. ತೆಂಗಿನ ನಾರನ್ನು ಒದ್ದೆ ಮಾಡಿ, ಬೂದಿಯಲ್ಲಿ ಅದ್ದಿ ಉಜ್ಜಿದಳು. ಎಂಜಿನ್ ತಂಪಾಗಲೆಂದು ಬ್ಲಾಕಿನ ಸುತ್ತ ಇರುವ ರೆಕ್ಕೆಗಳನ್ನು ಒಂದೊಂದಾಗಿ ಉಜ್ಜಿದಳು. ಒಳಗೆ ಕೈ ಹಾಕಿ, ಲೋಟದ ಒಳಭಾಗ ತೊಳೆಯುವಂತೆ ಸುತ್ತ ತಿರುಗಿಸಿದಳು. ಸಣ್ಣ ತೂತುಗಳಿಗೆ ಪೊರಕೆ ಕಡ್ಡಿಗೆ ಬಟ್ಟೆ ಸುತ್ತಿ ಹಾಕಿದಳು. ಒಂದೊಂದು ರೆಕ್ಕೆ ಬೆಳ್ಳಗಾಗುವಾಗಲೂ ಭದ್ರಾವತಿಯ ಆ ನಲ್ಲಿ ಅವಳ ಕಣ್ಣ ಮುಂದಿತ್ತು. ಕೊಡಗಟ್ಟಲೆ ನೀರು ಹೊಯ್ದು, ಹಳೆಯ ನೂಲಿನ ಸೀರೆಯ ಮೇಲೆ ಬಿಸಿಲಿಗೆ ಹರಡಿದಳು. ಉಕ್ಕಿನ ಭಾಗಗಳು ತುಕ್ಕು ಹಿಡಿಯಬಾರದೆಂದು, ಈಳಿಗೆಮಣೆಗೆ ಸವರುವಂತೆ, ತೆಂಗಿನೆಣ್ಣೆ ಸವರಿದಳು.

ಮರುದಿನ ಬೆಳಿಗ್ಗೆ ಗಂಡಸರು ಹಿತ್ತಲಿಗೆ ಬಂದಾಗ ಸೀರೆಯ ಮೇಲೆ ಎಂಜಿನ್ ಫಳಫಳ ಎನ್ನುತ್ತಿತ್ತು.

"ಏನ್ ಫಿನಿಶಿಂಗ್ ಬೀಗ್ರೇ," ಎಂದರು ಮುರುಗೇಶಪ್ಪನವರು. "ಬೆಳ್ಳಿ ಇದ್ದಂಗಿದೆಯಲ್ಲ."

ಏಕಾಂತಪ್ಪ ಬಗ್ಗಿ ನೋಡಿದರು. "ನಿನ್ನೆ ಹೀಗಿರ್ಲಿಲ್ವಲ್ಲ."

"ನಿನ್ನೆ ಜಿಡ್ಡಿತ್ತು. ಏನೂ ಕಾಣ್ತಿಲ್ಲ ಅಂತ ನೀವೇ ಹೇಳಿದ್ರಿ."

ಸುತ್ತಿಗೆಯಿಂದ ಬಡಿದರು. "ಇವತ್ತು ಬಾಲ ಇದೆ. ಚೆನ್ನಾಗಿ ನುಡೀತಿದೆ." ಮಲ್ಲಿಕ್ ಕೂಡ ರೆಕ್ಕೆಯ ಮೇಲೆ ಬೆರಳಾಡಿಸಿ, ಚೀನಾದವರು ಮಿಷನ್ ಕೆಲಸದಲ್ಲಿ ಗಟ್ಟಿಗರು ಎಂದು ಒಪ್ಪಿದ.

ಜಯಶೀಲಾ ಬಾಗಿಲಲ್ಲಿ ನಿಂತಿದ್ದಳು. ಉಜ್ಜಿದ್ದು ನಾನು ಎಂದು ಹೇಳಲು ಹೊರಟಳು. ಅವರಿಗೆ ಗೊತ್ತೇ ಇರಬೇಕು ಎನ್ನಿಸಿತು. ರುದ್ರೇಶನೇ ತಾನೆ ಹೇಳಿದ್ದು. ಅವನ ಮುಖ ನೋಡಿದಳು. ಅವನೂ ಚೀನಾದವರನ್ನೇ ಮೆಚ್ಚುತ್ತ ನಿಂತಿದ್ದ. ಅವಳಿಗೆ ಮೊದಲು ನಗು ಬಂತು, ಆಮೇಲೆ ಗೊಂದಲವಾಯಿತು. ಈ ಹೊಳಪು ಎಂಜಿನ್ನಿನದೋ, ತನ್ನದೋ? ಕೆಟ್ಟ ಲೋಹವನ್ನು ಎಷ್ಟು ಉಜ್ಜಿದರೂ ಹೀಗೆ ಹೊಳೆಯುತ್ತದೆಯೇ? ಹೊಳೆದಿದೆ ಎಂದರೆ ಒಳಗೆ ಒಳ್ಳೆಯದು ಇರಲೇಬೇಕಲ್ಲ. ಹೀಗೆ ಯೋಚಿಸುತ್ತ, ಭದ್ರಾವತಿ ನೆನಪಾಗಿ, ಸುಮ್ಮನೆ ಒಳಗೆ ಹೋಗಿ ಉಪ್ಪಿಟ್ಟಿಗೆ ರವೆ ಹುರಿಯತೊಡಗಿದಳು. ಜಂಬಣ್ಣ ಬಂದು ಎಂಜಿನ್ ಜೋಡಿಸಿದ್ದನ್ನು ಅವಳು ನೋಡಲಿಲ್ಲ. ಒಲೆಯ ಮುಂದಿನಿಂದ ಹಿತ್ತಲು ಕಾಣುವುದಿಲ್ಲ.

ರುದ್ರೇಶ ದಿನಾ ಆ ಬೈಕಿನಲ್ಲಿ ಭದ್ರಾವತಿಗೆ ಹೋಗಿಬರುತ್ತ ಅಂಗಡಿಗೆ ಜಾಗ ಹುಡುಕಿದ. ಮೊದಲ ವಾರ ಬೈಕು ಬೆಣ್ಣೆಯಂತೆ ಹೋಗುತ್ತಿದೆ ಎಂದ. ಆಮೇಲೆ ಏನೂ ಹೇಳಲಿಲ್ಲ. ಒಂದು ದಿನ ಹೆಂಡತಿಯನ್ನೂ ಕರೆದ, "ಬಾ, ನಿಮ್ಮ ದೊಡ್ಡಪ್ಪನ ಬೀದೀಲಿ ಒಂದು ಮನೆ ಖಾಲಿ ಇದೆಯಂತೆ, ನೋಡ್ಕೊಂಡು ಬರಾಣ."

ಅಂದು ತನುಜಾಗೆ ಶಾಲೆಗೆ ರಜೆ. "ಹೋಗಿ ಬಾ ಮಾರಾಯ್ತಿ. ಸಾರು ಮಾಡಿದೀಯಲ್ಲ, ಅನ್ನಕ್ಕೆ ನಾನು ಇಡ್ತೀನಿ," ಎಂದಳು.

ಮನೆಯ ಬೀಗ ತೆಗೆಸಿ ಜಯಶೀಲಾ ಅಡುಗೆಮನೆಗೆ ಹೋದಳು. ನಲ್ಲಿ ತಿರುಗಿಸಿದಳು. ಕೆಮ್ಮಿ, ಕಂದು ನೀರು ಉಗುಳಿ, ಆಮೇಲೆ ತಿಳಿಯಾಗಿ ಬಂತು. ಅವಳು ಅದನ್ನು ಬೇಗ ನಿಲ್ಲಿಸಲಿಲ್ಲ. ಗ್ಯಾಸ್ ಒಲೆ ಎಲ್ಲಿ, ಅಕ್ಕಿ ಡಬ್ಬ ಎಲ್ಲಿ ಎಂದು ಕೈಯಲ್ಲೇ ತೋರಿಸಿಕೊಂಡಳು. ಹಿತ್ತಲಿರಲಿಲ್ಲ. ಒಗೆಯುವ ಕಲ್ಲಿಲ್ಲದ ಮನೆ.

ವಾಪಸು ಬರುವಾಗ ಮಾಚೇನಹಳ್ಳಿಯ ಹತ್ತಿರ ಎಂಜಿನ್ನಿನ ಧ್ವನಿ ಬದಲಾಯಿತು. ನೀರು ಸಾಲದ ಚಟ್ನಿ ಮಿಕ್ಸಿಯಲ್ಲಿ ಒದ್ದಾಡುವ ಶಬ್ದ ಅವಳಿಗೆ ಪರಿಚಿತ. ಅಂಥದೇ ಶಬ್ದ. "ರೀ, ಏನೋ ಉಜ್ಜಿದ ಹಾಗೆ ಕೇಳ್ತಿದೆ," ಎನ್ನುವಷ್ಟರಲ್ಲಿ ಹಿಂದೆ ನೀಲಿ ಹೊಗೆ ಎದ್ದಿತು. ಬೈಕು ಎರಡು ಸಲ ಜಗ್ಗಿ ನಿಂತುಬಿಟ್ಟಿತು. ಕಿಕ್ ಹೊಡೆದರೆ ಪೆಡಲ್ ಕೆಳಗೇ ಹೋಗಲಿಲ್ಲ.

"ಚೀನಾ ಮಾಲು," ಎಂದ ರುದ್ರೇಶ. ಅವನು ಹ್ಯಾಂಡಲ್ ಹಿಡಿದ, ಅವಳು ಒಳ್ಳೆಯ ಸೀರೆಯ ನೆರಿಗೆ ಎತ್ತಿ ಕಟ್ಟಿ ಹಿಂದಿನಿಂದ ತಳ್ಳಿದಳು. ಒಂದು ಲಗೇಜ್ ಆಟೋ ಸಿಗುವವರೆಗೆ.

ಎಂಜಿನ್ ಮತ್ತೆ ಒಗೆಯುವ ಕಲ್ಲನ್ನು ಏರಿತು. ಏಕಾಂತಪ್ಪ ಮತ್ತೆ ಬಂದರು. ಜಂಬಣ್ಣ ಬಿಚ್ಚಿದಾಗ ಪಿಸ್ಟನ್ನಿನ ಮೈ ಪೂರ್ತಿ ಬೆಕ್ಕು ಪರಚಿದಂತಿತ್ತು. ತಳದಲ್ಲಿ ಎಣ್ಣೆಯ ಜಾಗದಲ್ಲಿ ಬೂದು ಬಣ್ಣದ ಲೇಪ. ಜಂಬಣ್ಣ ಅದನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದ. "ಗರಗರ ಅಂತಿದೆ."

"ಮರಳು," ಎಂದರು ಏಕಾಂತಪ್ಪ. "ಎರಕದ ಅಚ್ಚಿನ ಮರಳು. ಸರಿಯಾಗಿ ಉದುರಿಸದೆ ಕಳಿಸಿದ್ರೆ ಒಳಗಿನ ದಾರೀಲಿ ಕೂತಿರುತ್ತೆ. ಎಣ್ಣೆ ಬಿಸಿ ಆದ್ಮೇಲೆ ಬಿಡುತ್ತೆ."

"ನಾನು ಹೇಳ್ಲಿಲ್ವಾ," ಎಂದ ಮಲ್ಲಿಕ್. ಮಿಷನ್ ಕೆಲಸ ಮೆಚ್ಚಿದ್ದು ಅವನಿಗೆ ಮರೆತಿತ್ತು.

ಜಯಶೀಲಾ ಆ ಲೇಪದ ಬಣ್ಣವನ್ನೇ ನೋಡುತ್ತಿದ್ದಳು. ಆ ಬಣ್ಣವನ್ನು ಅವಳು ದಿನಾ ನೋಡುತ್ತಾಳೆ, ಪಾತ್ರೆ ತೊಳೆದ ನೀರು ಹರಿದುಹೋದ ಜಾಗದಲ್ಲಿ. ಹೇಳದಿದ್ದರೆ ಎಂಜಿನ್ ಕೆಟ್ಟದ್ದು ಎಂದಾಗುತ್ತದೆ, ಭದ್ರಾವತಿ ಹೋಗುತ್ತದೆ. ಹೇಳಿದರೆ ತಾನು ಕೆಡಿಸಿದವಳು ಎಂದಾಗುತ್ತದೆ, ಆದರೆ ಎಂಜಿನ್ ಒಳ್ಳೆಯದು ಎಂದು ಉಳಿಯುತ್ತದೆ.

"ದೊಡ್ಡಪ್ಪ, ಅದು ಮರಳಲ್ಲ ಇರಬಹುದು. ನಾನು ಎಲ್ಲವನ್ನೂ ಬೂದಿ ಹಾಕಿ ಉಜ್ಜಿದ್ದೆ."

ಮಲ್ಲಿಕ್ ನಕ್ಕ. "ಒಲೆ ಬೂದಿಗೆ ಎಂಜಿನ್ ಹೋಗೋ ಹಾಗಿದ್ರೆ ನಿನ್ನ ಇಡ್ಲಿ ಪಾತ್ರೆ ಯಾವತ್ತೋ ಹೋಗ್ಬೇಕಿತ್ತಮ್ಮ."

"ಇಡ್ಲಿ ಪಾತ್ರೆ ಓಡಲ್ಲ ಭಾವ."

"ನೀನು ಉಜ್ಜಿದ್ರೂ ಏನಾಯ್ತು," ಎಂದ ರುದ್ರೇಶ. "ಜೋಡಿಸೋ ಮುಂಚೆ ಜಂಬಣ್ಣ ಪೆಟ್ರೋಲಲ್ಲಿ ತೊಳೆದಿರ್ತಾನೆ. ಅಲ್ವೇನೋ?"

ಜಂಬಣ್ಣ ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸುತ್ತ, "ತೊಳೆದೇ ಹಾಕಿರ್ತೀನಣ್ಣ," ಎಂದ. ಸ್ವಲ್ಪ ತಡೆದು, "ಅಕ್ಕಾರು ಅಷ್ಟು ಕ್ಲೀನಾಗಿ ಇಟ್ಟಿದ್ರಲ್ಲ," ಎಂದೂ ಸೇರಿಸಿದ. ತೊಳೆದನೋ ಇಲ್ಲವೋ ಆ ಎರಡು ಮಾತಿನಿಂದ ಯಾರಿಗೂ ತಿಳಿಯಲಿಲ್ಲ. ಬಹುಶಃ ಅವನಿಗೂ ನೆನಪಿರಲಿಲ್ಲ.

"ನೀನು ತಲೆ ಕೆಡಿಸ್ಕೋಬೇಡ ಮಗಾ," ಎಂದರು ಏಕಾಂತಪ್ಪ. "ಇದು ಎರಕದ ವಿಚಾರ. ತೊಳೆಯೋದಕ್ಕೂ ಇದಕ್ಕೂ ಸಂಬಂಧ ಇಲ್ಲ."

ಅವಳಿಗೆ ವಿಚಿತ್ರ ಎನ್ನಿಸಿತು. ಬೈಯುತ್ತಾರೆ ಎಂದು ಎದೆ ಗಟ್ಟಿ ಮಾಡಿಕೊಂಡಿದ್ದಳು. ಬೈಯಲೂ ಇಲ್ಲ. ಅವಳು ಒಂದಿಡೀ ಮಧ್ಯಾಹ್ನ ಮಾಡಿದ ಕೆಲಸ, ಹೊಳಪಾದಾಗಲೂ ಲೆಕ್ಕಕ್ಕೆ ಬರಲಿಲ್ಲ, ಹಾಳಾದಾಗಲೂ ಬರಲಿಲ್ಲ. ತೂಕ, ಶಬ್ದ, ತೂತು, ಬೋಲ್ಟು, ಎಲ್ಲವನ್ನೂ ನೋಡಿದವರು ಅದನ್ನು ಮಾತ್ರ ನೋಡಿರಲಿಲ್ಲ.

ಎಲ್ಲರೂ ಒಳಗೆ ಹೋದ ಮೇಲೆ ಎರಡು ಲೋಟ ತಂದಳು. ಒಂದರಲ್ಲಿ ಎಂಜಿನ್ನಿನ ಲೇಪ, ಇನ್ನೊಂದರಲ್ಲಿ ಹೊಸ ಎಣ್ಣೆಗೆ ಬೂದಿ ಕಲಸಿದ್ದು. ಅಕ್ಕಿಯಲ್ಲಿ ಕಲ್ಲು ಹುಡುಕುವಂತೆ ಎರಡನ್ನೂ ಬೆರಳಲ್ಲಿ ತಿಕ್ಕಿ ನೋಡಿದಳು. ಬೂದಿಯದು ನುಣುಪು, ಆದರೆ ಪೂರ್ತಿ ನುಣುಪಲ್ಲ. ಎಂಜಿನ್ನಿನದು ಗರಗರ, ಆದರೆ ನಡುವೆ ನುಣುಪೂ ಇತ್ತು. ಮರಳೂ ಇರಬಹುದು, ಬೂದಿಯೂ ಇರಬಹುದು, ಪಿಸ್ಟನ್ನೇ ಸವೆದು ಬಿದ್ದ ಪುಡಿಯೂ ಇರಬಹುದು. ಮತ್ತೆ ತಿಕ್ಕಿದಳು. ಮೊದಲಿಗಿಂತ ಹೆಚ್ಚು ಗೊಂದಲವಾಯಿತು.

ತಲೆ ಎತ್ತಿದರೆ ಮಾವ ನಿಂತಿದ್ದರು. ಏನೂ ಕೇಳದೆ ಹಂಡೆ ಒಲೆಯ ಹತ್ತಿರ ಹೋಗಿ, ಡಬ್ಬದಿಂದ ಒಂದು ಚಿಟಿಕೆ ಬೂದಿ ತೆಗೆದು ಉಜ್ಜಿ ನೋಡಿದರು. ಇಷ್ಟು ವರ್ಷ ಆ ಡಬ್ಬ ಎಲ್ಲಿದೆ ಎಂಬುದು ಅವರಿಗೆ ಗೊತ್ತಿದ್ದದ್ದೇ ಅವಳಿಗೆ ಆಶ್ಚರ್ಯ. ಪೂಜೆಯ ವಿಭೂತಿಯಷ್ಟೇ ಅವರು ಮುಟ್ಟಿದ ಬೂದಿ ಎಂದುಕೊಂಡಿದ್ದಳು.

"ಗೊತ್ತಾಗ್ತಿಲ್ಲ," ಎಂದರು.

"ನನಗೂ ಗೊತ್ತಾಗ್ತಿಲ್ಲ ಮಾವ. ಇನ್ನೊಂದು ಎಂಜಿನ್ ತರಿಸಿ. ಅದನ್ನ ನಾನು ಮುಟ್ಟಲ್ಲ."

"ಹಾಗಾದ್ರೆ ತೊಳೆಯೋರು ಯಾರು?"

ಅವರು ನಿಜವಾಗಿ ತಿಳಿಯದೆಯೇ ಕೇಳಿದ್ದರು. ಅವಳು ಒಳಗಿನ ಕಡೆ ನೋಡಿದಳು, ಅಲ್ಲಿಂದ ಮೂರು ಗಂಡಸರ ಮಾತು ಕೇಳುತ್ತಿತ್ತು. "ಇದ್ದಾರಲ್ಲ," ಎಂದಳು.

ಕಂಪನಿಯವನಿಗೆ ಮಾವ ಏನು ಹೇಳಿದರೋ, ಇನ್ನೊಂದು ಎಂಜಿನ್ ಮರದ ಪೆಟ್ಟಿಗೆಯಲ್ಲಿ ಲಾರಿ ಪಾರ್ಸೆಲ್ಲಿನಲ್ಲಿ ಬಂತು. ಮಾಲಿನ ಮೇಲೆ ಸುಳ್ಳು ಹೇಳಬಾರದು, ಹೊಗಳಿ ಸುಳ್ಳು ಹೇಳಿದರೂ ತಪ್ಪು, ತೆಗಳಿ ಹೇಳಿದರೂ ತಪ್ಪು ಎಂದಷ್ಟೇ ಮಕ್ಕಳಿಗೆ ಹೇಳಿದರು. ಮತ್ತೊಂದು ಭಾನುವಾರ ಜಂಬಣ್ಣ ಅದನ್ನು ಬಿಚ್ಚಿದ. ತೊಳೆಯುವ ಕೆಲಸ ರುದ್ರೇಶ ಮತ್ತು ಮಲ್ಲಿಕ್ ಪಾಲಿಗೆ ಬಂತು.

ಜಯಶೀಲಾ ಹಿತ್ತಲಿನ ಮೆಟ್ಟಿಲ ಮೇಲೆ ಕೂತಳು. ಟಬ್ ಎಲ್ಲಿ ಎಂದು ರುದ್ರೇಶ ಕೇಳಿದ. ಬ್ರಷ್ ಎಲ್ಲಿ ಎಂದು ಮಲ್ಲಿಕ್ ಕೇಳಿದ. ಒರೆಸುವ ಬಟ್ಟೆ ಯಾವುದು, ಇದನ್ನು ಹರಿಯಬಹುದೇ, ಪೆಟ್ರೋಲ್ ಎಲ್ಲಿ ಚೆಲ್ಲುವುದು. ಸ್ವಲ್ಪ ಹೊತ್ತಿಗೆ ಮಲ್ಲಿಕ್ ಸೊಂಟ ಹಿಡಿದುಕೊಂಡು ಎದ್ದ. "ಹೀಗೆ ಕೂತು ಎಷ್ಟೊತ್ತು ತೊಳೆಯೋದು? ಬೆನ್ನು ಹೋಗುತ್ತೆ."

"ಹೌದಾ ಭಾವ," ಎಂದಳು ಜಯಶೀಲಾ.

ಒಳಗಿನಿಂದ ತನುಜಾ ನಕ್ಕದ್ದು ಎಲ್ಲರಿಗೂ ಕೇಳಿಸಿತು. ಜಯಶೀಲಾಗೆ ನಗು ಬರಲಿಲ್ಲ. ಮಡಿಲಲ್ಲಿ ಸುಮ್ಮನೆ ಬಿದ್ದಿದ್ದ ತನ್ನ ಕೈಗಳನ್ನು ಏನು ಮಾಡಬೇಕೆಂದು ತೋಚಲಿಲ್ಲ. ಅವರು ಬಿಟ್ಟ ಜಿಡ್ಡಿನ ಕಲೆಯ ಮೇಲೇ ಕಣ್ಣು ಹೋಗುತ್ತಿತ್ತು. ಎರಡು ಸಲ ಎದ್ದು, ಎರಡು ಸಲ ಕೂತಳು.

ಆ ಎಂಜಿನ್ ಓಡಿತು. ತಿಂಗಳು ಮುಗಿದರೂ ಹೊಗೆ ಬರಲಿಲ್ಲ, ಪಿಸ್ಟನ್ ಪರಚಲಿಲ್ಲ. ಆದರೆ ಕ್ಲಚ್ ಕವರಿನ ಮೂಲೆಯಿಂದ ಎಣ್ಣೆ ಬೆವರತೊಡಗಿತು. ಇದರಲ್ಲೂ ಅಲ್ಲೇ ಒಂದು ಸೂಜಿ ತೂತಿದೆ ಎಂದರು ಏಕಾಂತಪ್ಪ. ಇಷ್ಟು ಯಾವ ಗಾಡಿಯಲ್ಲಿಲ್ಲ ಎಂದ ಜಂಬಣ್ಣ. ಈಗಲೇ ಹೀಗಾದರೆ ಮುಂದೆ ಹೇಗೆ ಎಂದ ಮಲ್ಲಿಕ್. ಮೊದಲನೆಯದು ಬೂದಿಯಿಂದ ಹೋಗಿದ್ದರೆ ಇದು ಒಳ್ಳೆಯ ಎಂಜಿನ್. ಮರಳಿನಿಂದ ಹೋಗಿದ್ದರೆ ಒಂದು ಪೆಟ್ಟಿಗೆಯಲ್ಲಿ ಮರಳಿರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ, ಕೊಳ್ಳುವವನ ಅದೃಷ್ಟ.

ಕಂಪನಿಯವನು ಉತ್ತರ ಕೇಳಿ ಫೋನ್ ಮಾಡಿದ ದಿನ ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದರು. ಮುರುಗೇಶಪ್ಪನವರು ಒಬ್ಬೊಬ್ಬರನ್ನೇ ಕೇಳಿದರು. ಒಬ್ಬೊಬ್ಬರೂ ತಮ್ಮ ಮಾತನ್ನೇ ಮತ್ತೆ ಹೇಳಿದರು. ಕೊನೆಗೆ, ಕಾಫಿ ತಂದಿದ್ದ ಕಿರಿಯ ಸೊಸೆಯ ಕಡೆ ತಿರುಗಿದರು.

"ನೀನೇನಂತೀಯಮ್ಮ?"

ಒಳ್ಳೆಯದು ಎಂಬ ಒಂದು ಮಾತು ಸಾಕಿತ್ತು. ನಲ್ಲಿ, ಎರಡು ಗೋಡೆ, ಮೂವರ ಅಡುಗೆ, ಎಲ್ಲ ಆ ಮಾತಿನ ಆಚೆಗಿದ್ದವು. ಆದರೆ ನೀಲಿ ಹೊಗೆಯ ಹಿಂದೆ ಬೈಕು ತಳ್ಳಿದ ರಸ್ತೆಯೂ ನೆನಪಾಯಿತು. ನಾಳೆ ಭದ್ರಾವತಿಯಲ್ಲಿ ಯಾರೋ ಹೆಂಗಸು ಹಾಗೇ ನೆರಿಗೆ ಎತ್ತಿ ಕಟ್ಟಿ ತಳ್ಳಬೇಕಾಗಬಹುದು. ಆಗದೆಯೂ ಇರಬಹುದು. ಅದೇ ತಿಳಿಯುತ್ತಿರಲಿಲ್ಲ.

"ಎಂಜಿನ್ ಒಳ್ಳೇದೋ ಕೆಟ್ಟದೋ ನನಗೆ ಗೊತ್ತಾಗ್ತಿಲ್ಲ ಮಾವ," ಎಂದಳು. ಲೋಟಗಳ ತಟ್ಟೆ ಇನ್ನೂ ಕೈಯಲ್ಲಿತ್ತು. "ನಾವು ಭದ್ರಾವತಿಗೆ ಹೋಗೋದಕ್ಕೆ ಈ ಎಂಜಿನ್ ಯಾಕೆ ಒಳ್ಳೇದಿರ್ಬೇಕು ಅನ್ನೋದೂ ಗೊತ್ತಾಗ್ತಿಲ್ಲ. ನಮ್ಮ ಬಿಡಿಭಾಗದ ಅಂಗಡೀನೇ ಅಲ್ಲೊಂದು ಹಾಕ್ಬಹುದಲ್ಲ. ನನಗೆ ಅಲ್ಲಿ ಇರ್ಬೇಕು ಅಂತ ಆಸೆ ಇದೆ."

ರುದ್ರೇಶ ಹೆಂಡತಿಯನ್ನು ಮೊದಲ ಸಲ ನೋಡುವವನಂತೆ ನೋಡಿದ. ಮನೆ ಒಡೆಯಿತು ಎಂದು ಯಾರೂ ಅನ್ನಲಿಲ್ಲ. ಅನ್ನಬೇಕೋ ಬೇಡವೋ ತಿಳಿಯದೆ ಎಲ್ಲರೂ ಮಾವನವರ ಮುಖ ನೋಡಿದರು.

ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದ ತನುಜಾ ಮೆಲ್ಲಗೆ ಕೇಳಿದಳು, "ಅವಳು ಹೋಗ್ಲಿ, ನನಗೇನೂ ಬೇಸರ ಇಲ್ಲ. ಆದ್ರೆ ನಾನು ಶಾಲೆ ಬಿಡಲ್ಲ. ಹಗಲು ಇಲ್ಲಿ ಯಾರು?"

ಆ ಪ್ರಶ್ನೆಯನ್ನು ಅವರಲ್ಲಿ ಯಾರೂ ತೂಗಿ ನೋಡಿರಲಿಲ್ಲ, ಬಡಿದು ನೋಡಿರಲಿಲ್ಲ. ಮಲ್ಲಿಕ್ ಸೊಂಟ ಸವರಿಕೊಂಡ. ಮುರುಗೇಶಪ್ಪನವರು ಖಾಲಿ ಲೋಟವನ್ನು ಎಲ್ಲಿಡಬೇಕೆಂದು ಸುತ್ತ ನೋಡಿ, ಕೈಯಲ್ಲೇ ಹಿಡಿದುಕೊಂಡು, "ಅದನ್ನೂ ನೋಡ್ಬೇಕಾಯ್ತು," ಎಂದರು. ಕಂಪನಿಯವನಿಗೆ ಫೋನ್ ಮಾಡಿ, ನಿಮ್ಮ ಮಾಲು ಕೆಟ್ಟದ್ದು ಅಂತ ಹೇಳಲ್ಲ, ನಮಗೆ ತಿಳೀಲಿಲ್ಲ ಅಂತ ಮಾತ್ರ ಹೇಳ್ತೀವಿ, ಗಾಡಿ ತಗೊಂಡು ಹೋಗಿ ಎಂದರು.

ಬೆಳಿಗ್ಗೆ ರುದ್ರೇಶ ಅಂಗಿ ಗುಂಡಿ ಹಾಕಿಕೊಳ್ಳುತ್ತ ಹಿತ್ತಲಿಗೆ ಬಂದ. ಜಯಶೀಲಾ ಇಡ್ಲಿ ಪಾತ್ರೆ ಉಜ್ಜುತ್ತಿದ್ದಳು.

"ಆ ಮನೆ ಓನರನ್ನ ಮಾತಾಡ್ಸ್ಕೊಂಡು ಬರ್ತೀನಿ. ಕಂಪನಿಯೋರು ಬೈಕ್ ತಗೊಂಡು ಹೋಗೋ ಮುಂಚೆ ಅದ್ರಲ್ಲೇ ಹೋಗಿ ಬಂದ್ಬಿಡ್ತೀನಿ."

ಅವಳು ಬೂದಿಗೈಯನ್ನು ಹಾಗೇ ಎತ್ತಿ ಹಿಡಿದು ಒಂದು ಗಳಿಗೆ ಯೋಚಿಸಿದಳು.

"ಬೇಡ ರೀ," ಎಂದಳು. "ಬಸ್ಸಲ್ಲೇ ಹೋಗಿ."